ಮಾಟಗಾತಿ, ರಕ್ಕಸ ಮತ್ತು ಲಕ್ಕುಂಡಿಯ ಕಲ್ಲು: ಹಳೆಗಾಲದ ಮಾಯಾ ಪ್ರೇಮಕಥೆಗೆ ಸಂಕೇತ ಹೆಣೆಯುವುದು ಹೇಗೆ?

ಮೊದಲ ಸಲ ಮಾಟಗಾತಿಯ ಪ್ರೇಮಕಥೆ ಬರೆಯಲು ಕೂತಾಗ ನಾನು ಹನ್ನೊಂದು ಅಧ್ಯಾಯ ಮುಗಿಸಿದ್ದೆ. ಧಾರವಾಡದ ಮಳೆಗಾಲ, ಕರೆಂಟು ಹೋಗಿತ್ತು. ಆಯಿಗೆ ಹೊತ್ತು ಹೋಗಲಿ ಅಂತ ಮೊದಲ ಅಧ್ಯಾಯ ಓದಿ ಹೇಳಿದೆ. ಅದರಲ್ಲಿ ಎಲ್ಲ ಇತ್ತು. ಕರಿ ಬೆಕ್ಕು, ಕೆಂಪು ಚಂದ್ರ, ಚೂಪು ಟೊಪ್ಪಿಗೆ, ಕಸಬರಿಗೆ ಮೇಲೆ ಕೂತು ಹಾರುವ ನಾಯಕಿ. ಆಯಿ ಪೂರ್ತಿ ಕೇಳಿ, ಅಡಕೆ ಬಾಯಿಗೆ ಹಾಕಿಕೊಂಡು ಅಂದಳು:

"ಆಕಿ ಕಸಬರಿಗಿ ಮ್ಯಾಲೆ ಯಾಕ ಕುಂತಾಳ? ಲಕ್ಷ್ಮಿ ಅಲ್ಲೇನ ಅದು? ಕಾಲು ತಾಗಿದ್ರ ಕಣ್ಣಿಗೆ ಒತ್ಕೋತೀವಿ ನಾವು."

ಹನ್ನೊಂದು ಅಧ್ಯಾಯ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಕಸ ಹೊಡೆಯೋದಿಲ್ಲ, ಕಸಬರಿಗೆ ದಾಟೋದಿಲ್ಲ. ಅಂಥ ವಸ್ತುವನ್ನು ತಂದು ಬೇರೆ ಯಾರದೋ ಊರಿನ ಅರ್ಥ ಹೊರಿಸಿದ್ದೆ. ಆಮೇಲೆ ಮೂರು ವರ್ಷ ಅದೇ ಕಥೆಯನ್ನು ಕೆಡವಿ ಕಟ್ಟಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಟಗಾತಿ, ರಕ್ಕಸ, ಹಳೆಯ ಕಾಲ, ಪ್ರೀತಿ, ಈ ನಾಲ್ಕನ್ನೂ ಒಂದೇ ಕಥೆಯಲ್ಲಿ ತರಲು ಹೊರಟವರಿಗೆ ಉಪಯೋಗ ಆಗಬಹುದು. ಉದಾಹರಣೆಗಳೆಲ್ಲ ಗದಗ, ಹಾವೇರಿ, ಧಾರವಾಡದ ಕಡೆಯವೇ.

ಹೆಜ್ಜೆ 1: ಆ ಹೆಸರು ಇಟ್ಟವರು ಯಾರು ಅಂತ ಕೇಳಿ

ಮಾಟಗಾತಿ ಅನ್ನುವುದು ಯಾರೂ ತಮಗೆ ತಾವೇ ಇಟ್ಟುಕೊಳ್ಳುವ ಹೆಸರಲ್ಲ. ಊರು ಇಡುವ ಹೆಸರು. ಹಾಗಾಗಿ ನಾಯಕಿಗೆ ಏನೇನು ಶಕ್ತಿ ಇದೆ ಅಂತ ಪಟ್ಟಿ ಮಾಡುವ ಮೊದಲು, ಆಕೆಯನ್ನು ಹಾಗೆ ಕರೆದ ಮೊದಲ ಬಾಯಿ ಯಾವುದು ಅಂತ ತೀರ್ಮಾನಿಸಿ. ಬಾಕಿ ಕೊಡಬೇಕಾದ ಸಾಲಗಾರನೋ? ಮಗು ಸತ್ತ ತಾಯಿಯೋ? ಹೊಲದ ಬದುವಿನ ಜಗಳದವನೋ? ನಿಮ್ಮ ಅರ್ಧ ಕಥೆ ಆ ಬಾಯಿಯಲ್ಲೇ ಇರುತ್ತದೆ.

ಯುರೋಪಿನಲ್ಲಿ 15ನೇ ಶತಮಾನದಿಂದ 18ನೇ ಶತಮಾನದವರೆಗೆ ಮಾಟದ ಆರೋಪ ಹೊರಿಸಿ ಕೊಂದವರು ಸುಮಾರು 40ರಿಂದ 60 ಸಾವಿರ ಜನ ಅಂತ ಇತಿಹಾಸಕಾರರ ಅಂದಾಜು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೆಂಗಸರು. ಅಲ್ಲಿನ ಆರೋಪದ ತಿರುಳು ಸೈತಾನನ ಜೊತೆ ಒಪ್ಪಂದ. ಕಸಬರಿಗೆ, ಬೆಕ್ಕು, ನಡುರಾತ್ರಿಯ ಕೂಟ ಎಲ್ಲ ಆ ನಂಬಿಕೆಯ ಸುತ್ತ ಬೆಳೆದವು. ಒಂದು ಸಣ್ಣ ತಿದ್ದುಪಡಿಯನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟಗಾತಿಯರನ್ನು ಸುಟ್ಟರು ಅಂತ ಬಹಳ ಜನ ಬರೆಯುತ್ತಾರೆ. ಅಲ್ಲಿ ಯಾರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೇರಿಸಿದರು, ಒಬ್ಬನನ್ನು ಕಲ್ಲು ಹೇರಿ ಕೊಂದರು.

ನಮ್ಮ ಕಡೆ ಆ ಒಪ್ಪಂದದ ಸೈತಾನನೇ ಇಲ್ಲ. ಇಲ್ಲಿನ ಮಾತುಗಳೇ ಬೇರೆ. ಮಾಟ ಮಾಡಿಸ್ಯಾರ, ಮದ್ದು ಹಾಕ್ಯಾರ, ನೆದರು ತಾಗೇತಿ, ಗಾಳಿ ಸೋಕೇತಿ. ಒಂದೊಂದರ ಹಿಂದೆ ಒಂದೊಂದು ಬೇರೆ ಅನುಮಾನ ಇದೆ. ನೆದರು ತಾಗಲು ದ್ವೇಷ ಬೇಕಾಗಿಲ್ಲ, ಪ್ರೀತಿಯಿಂದ ನೋಡಿದರೂ ತಾಗುತ್ತದೆ. ಹೆತ್ತವಳ ಕಣ್ಣೇ ತಾಗಬಹುದು ಅಂತಾರೆ. ಮದ್ದು ಹಾಕಲು ಊಟಕ್ಕೆ ಬಡಿಸುವಷ್ಟು ಹತ್ತಿರದವರೇ ಆಗಬೇಕು. ಮಾಟಕ್ಕೆ ದುಡ್ಡು ಬೇಕು, ಮಾಡಿಸುವವನು ಒಬ್ಬ, ಮಾಡುವವನು ಇನ್ನೊಬ್ಬ. ನಿಮ್ಮ ಕಥೆಗೆ ಇವುಗಳಲ್ಲಿ ಯಾವುದು ಬೇಕು ಅಂತ ಆರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಓದುವವರಿಗೆ ಹೆದರಿಕೆ ಆಗೋದಿಲ್ಲ, ಗೊಂದಲ ಆಗುತ್ತದೆ.

ರಕ್ಕಸನ ಕಡೆಗೂ ಇದೇ ಮಾತು. ರಕ್ಕಸ, ಅಸುರ, ದೈತ್ಯ, ಬೇತಾಳ, ಬ್ರಹ್ಮರಾಕ್ಷಸ, ಕೊಳ್ಳಿದೆವ್ವ ಎಲ್ಲ ಒಂದೇ ಜಾತಿಯಲ್ಲ. ಬ್ರಹ್ಮರಾಕ್ಷಸ ಓದಿ ಕೆಟ್ಟವನು. ಬೇತಾಳ ಮಾತುಗಾರ. ಕೊಳ್ಳಿದೆವ್ವಕ್ಕೆ ಮುಖವೇ ಇಲ್ಲ, ದೂರದ ಬೆಂಕಿ ಅಷ್ಟೇ, ಅದರ ಜೊತೆ ಪ್ರೇಮ ಕಷ್ಟ. ಇನ್ನು ದೆವ್ವ ಅನ್ನುವ ಮಾತಂತೂ ದೇವ, ದೈವ ಅನ್ನುವುದರಿಂದಲೇ ಬಂದದ್ದು. ಪೂಜೆ ನಿಂತ ದೇವರು ದೆವ್ವ ಆದ ಅಂತ ಬರೆದರೆ ನಮ್ಮ ಭಾಷೆಯೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ಹೆಜ್ಜೆ 2: ಒಂದು ಇಸವಿ ಹಿಡಿಯಿರಿ, ಆಮೇಲೆ ಅಡುಗೆಮನೆ ತಪಾಸಣೆ ಮಾಡಿ

"ಬಹಳ ಹಿಂದೆ ಒಂದು ರಾಜ್ಯದಲ್ಲಿ" ಅಂತ ಶುರು ಮಾಡಿದರೆ ಸಂಕೇತಕ್ಕೆ ನೆಲ ಸಿಗೋದಿಲ್ಲ. ನಾನು ಹಿಡಿದದ್ದು 1007.

ಯಾಕೆಂದರೆ ಆ ವರ್ಷದ ಎರಡು ಶಾಸನಗಳು ನಮ್ಮ ಸೀಮೆಯಲ್ಲಿವೆ. ಒಂದು ಲೊಕ್ಕಿಗುಂಡಿಯದು, ಅಂದರೆ ಇವತ್ತಿನ ಲಕ್ಕುಂಡಿಯದು. ಅತ್ತಿಮಬ್ಬೆ ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ಅದರಲ್ಲಿದೆ. ಇನ್ನೊಂದು ಈಗ ಹಾವೇರಿ ಜಿಲ್ಲೆಯಲ್ಲಿರುವ ಹೊಟ್ಟೂರಿನದು. ಚಾಳುಕ್ಯ ಸತ್ಯಾಶ್ರಯನ ಕಾಲದ ಆ ಶಾಸನದ ಪ್ರಕಾರ ಚೋಳರ ದಂಡು ಒಂಬತ್ತು ಲಕ್ಷ ಸೇನೆಯೊಂದಿಗೆ ನುಗ್ಗಿ, ನಾಡು ಸುಲಿದು, ಹೆಂಗಸರು ಮಕ್ಕಳೆನ್ನದೆ ಕೊಂದಿತು. ಒಂಬತ್ತು ಲಕ್ಷ ಅನ್ನುವುದು ಹೆದರಿದವರ ಲೆಕ್ಕ, ಅದು ಬೇರೆ ಮಾತು. ತಮಿಳುನಾಡಿನ ಕಡೆಯ ಚೋಳ ಶಾಸನಗಳಲ್ಲಿ ನೋಡಿದರೆ ರಟ್ಟಪಾಡಿ ಏಳೂವರೆ ಲಕ್ಷ, ಅಂದರೆ ಚಾಳುಕ್ಯರ ನಾಡು, ಗೆದ್ದೆವು ಅನ್ನುವ ಹೆಮ್ಮೆ ಇದೆ. ಇಲ್ಲಿ ರಕ್ಕಸರು ಅನಿಸಿಕೊಂಡವರು ಅಲ್ಲಿ ವೀರರು. ರಕ್ಕಸ ಯಾರು ಅಂತ ಕೇಳುವ ಕಥೆಗೆ ಇದಕ್ಕಿಂತ ಒಳ್ಳೆಯ ವರ್ಷ ನನಗೆ ಸಿಗಲಿಲ್ಲ.

ಇಸವಿ ಹಿಡಿದ ತಕ್ಷಣ ತೊಂದರೆ ಶುರು. ನಾನು ದೃಷ್ಟಿ ತೆಗೆಯುವ ದೃಶ್ಯ ಬಹಳ ಚಂದ ಬರೆದಿದ್ದೆ. ಉಪ್ಪು, ಸಾಸಿವೆ, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ, ಮೂರು ಸಲ ಇಳಿ ತೆಗೆದು ಒಲೆಗೆ. ಘಾಟು ಬರಲಿಲ್ಲ ಅಂದರೆ ದೃಷ್ಟಿ ಜೋರಾಗಿ ತಾಗಿದೆ ಅಂತ ನಂಬಿಕೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾದರೆ ಘಾಟು ಬಾರದ್ದು ದೃಷ್ಟಿಯಿಂದಲೋ, ಕಾಯಿಯಿಂದಲೋ? ಅದ್ಭುತವಾದ ಅನುಮಾನ, ಅಲ್ವಾ? ಆದರೆ ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಜೊತೆ, 1498ರ ನಂತರ. 1007ರ ಒಲೆಯಲ್ಲಿ ಅದು ಸುಡುವ ಹಾಗೇ ಇಲ್ಲ. ದೃಶ್ಯ ಕಿತ್ತು ಹಾಕಿದೆ, ಅವತ್ತು ಊಟ ಸೇರಲಿಲ್ಲ.

ಹೀಗೆ ತಪಾಸಣೆಯಲ್ಲಿ ಬೀಳುವ ಇನ್ನಷ್ಟು: ಶೇಂಗಾ, ಟೊಮೆಟೊ, ಆಲೂಗಡ್ಡೆ, ಗೋವಿನಜೋಳ, ತಂಬಾಕು, ಪೇರಲ, ಗೋಡಂಬಿ. ಉಳಿಯುವವು: ಜೋಳ, ಎಳ್ಳು, ಕುಸುಬೆ, ಕರಿಮೆಣಸು, ಬೆಲ್ಲ, ಬೇವು, ಹತ್ತಿ. ಕಾಗದ ಇಲ್ಲ, ತಾಳೆಗರಿ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿದ್ದು ಗರಿಯ ಮೇಲೆಯೇ. ಆ ಕಾಲದಲ್ಲಿ ಅಷ್ಟು ಗರಿ, ಗರಿಯ ಮೇಲೆ ಕೊರೆದು ಬರೆಯುವ ಅಷ್ಟು ಕಂಟ, ಅಷ್ಟು ಕೈಗಳು ಒಂದೆಡೆ ಸೇರಿದ ಅಂಗಳ ಹೇಗಿದ್ದೀತು ಅಂತ ಕಲ್ಪಿಸಿ ನೋಡಿ. ಮಂತ್ರ ಬರೆಯುವ ನಾಯಕಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಬೇಕೇ?

ಸಂಭಾಷಣೆಯಲ್ಲೂ ಇದೇ ಎಚ್ಚರ ಬೇಕು. ಖುಷಿ, ಜಮೀನು, ಕಾಗದ, ನೆದರು, ಇವೆಲ್ಲ ಪಾರ್ಸಿ, ಅರಬ್ಬಿಯಿಂದ ಆಮೇಲೆ ಬಂದ ಮಾತುಗಳು. ಹಳಗನ್ನಡದಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ, ಹಾಗೆ ಬರೆದರೆ ಎರಡು ಪುಟಕ್ಕೆ ಓದುವವರು ಎದ್ದು ಹೋಗುತ್ತಾರೆ. ಇವತ್ತಿನ ಕನ್ನಡವೇ ಇರಲಿ, ಇಂಥ ಮಾತು ಮಾತ್ರ ಸೋಸಿ. ಹೆಸರಿಗೂ ಗಮನ ಕೊಡಿ. ಆ ಕಾಲದ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಅಬ್ಬೆ ಬರುವುದು ಸಾಮಾನ್ಯ. ನನ್ನ ನಾಯಕಿ ಜಕ್ಕಬ್ಬೆ. ಜಕ್ಕಿ ಅಂದರೆ ಯಕ್ಷಿ. ಹೆಸರಿನಲ್ಲೇ ಅರ್ಧ ದೇವತೆ, ಅರ್ಧ ಅನುಮಾನ.

ಹೆಜ್ಜೆ 3: ಆಶಯವನ್ನು ಒಂದು ಪ್ರಶ್ನೆಗೆ ಇಳಿಸಿ

"ಪ್ರೀತಿ, ದ್ವೇಷ, ಅಧಿಕಾರ, ತ್ಯಾಗ" ಅಂತ ಆಶಯಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡವರನ್ನು ನೋಡಿದ್ದೇನೆ. ನಾನೂ ಅಂಟಿಸಿಕೊಂಡಿದ್ದೆ. ಅದರಿಂದ ಒಂದು ವಾಕ್ಯವೂ ಹುಟ್ಟಲಿಲ್ಲ. ಪ್ರಶ್ನೆಯಾದರೆ ಹುಟ್ಟುತ್ತದೆ.

ನನ್ನ ಪ್ರಶ್ನೆ ಸಿಕ್ಕಿದ್ದು ಅತ್ತಿಮಬ್ಬೆಯ ಪವಾಡದ ಕಥೆಯಿಂದ. ತುಂಬಿ ಹರಿಯುತ್ತಿದ್ದ ಗೋದಾವರಿ ಆಕೆಗಾಗಿ ನಿಂತಿತು ಅಂತ ಹೇಳುತ್ತಾರೆ. ಆಕೆ ದೊಡ್ಡ ಮನೆತನದವಳು, ಸೇನಾಪತಿಯ ಮನೆಯ ಸೊಸೆ, ದಾನಚಿಂತಾಮಣಿ ಅನಿಸಿಕೊಂಡವಳು. ನದಿ ನಿಂತದ್ದು ಪವಾಡ ಆಯಿತು. ಅದೇ ವರ್ಷ, ಅದೇ ಊರಿನಲ್ಲಿ, ಕಪ್ಪತಗುಡ್ಡದಿಂದ ಬೇರು ನಾರು ತಂದು ಮಾರುವ ಒಬ್ಬ ಒಂಟಿ ಹೆಂಗಸು ಹಳ್ಳದ ನೀರು ನಿಲ್ಲಿಸಿದ್ದರೆ? ಒಂದೇ ಕೆಲಸ. ಒಬ್ಬಳಿಗೆ ಗುಡಿ, ಇನ್ನೊಬ್ಬಳಿಗೆ ಕಲ್ಲೇಟು. ಯಾಕೆ?

ಈ ಪ್ರಶ್ನೆ ಸಿಕ್ಕ ಮೇಲೆ ಅತ್ತಿಮಬ್ಬೆಯನ್ನು ಕೆಟ್ಟವಳನ್ನಾಗಿ ಮಾಡುವ ಆಸೆ ಬಂತು. ಸುಲಭ ದಾರಿ. ಮಾಡಲಿಲ್ಲ, ನೀವೂ ಮಾಡಬೇಡಿ. ಆಕೆಯ ಬದುಕಿನಲ್ಲೇ ಬೇಕಾದಷ್ಟು ನೋವಿದೆ. ಗಂಡ ನಾಗದೇವ ತೀರಿಕೊಂಡಾಗ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಚಿತೆ ಏರಿದಳು, ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದವಳನ್ನು ಊರು ಒಂದು ದಿನವಾದರೂ ಸಂಶಯದಿಂದ ನೋಡಿರಲಿಕ್ಕಿಲ್ಲವೇ? ನನ್ನ ಕಥೆಯಲ್ಲಿ ಆಕೆ ಎರಡೇ ಸಲ ಬರುತ್ತಾಳೆ, ಒಂದೇ ಮಾತು ಆಡುತ್ತಾಳೆ. ದಾಖಲೆ ಇರುವ ವ್ಯಕ್ತಿಯ ಬಾಯಲ್ಲಿ ಜಾಸ್ತಿ ಮಾತು ತುರುಕದೇ ಇರುವುದೇ ಕ್ಷೇಮ.

ಹೆಜ್ಜೆ 4: ಮೊದಲು ವಸ್ತುವಿಗೆ ಕೆಲಸ ಕೊಡಿ, ಅರ್ಥ ಆಮೇಲೆ

ಈ ಲೇಖನದಲ್ಲಿ ಒಂದೇ ಹೆಜ್ಜೆ ಓದುವಷ್ಟು ಪುರಸೊತ್ತು ಇದ್ದರೆ ಇದನ್ನು ಓದಿ.

ಸಂಕೇತ ಅಂದರೆ ಕಥೆಯ ಮೇಲೆ ಅಂಟಿಸುವ ಬೇಗಡೆ ಅಂತ ನಾನು ತಿಳಿದಿದ್ದೆ. ಕೆಂಪು ಅಂದರೆ ಪ್ರೀತಿ, ಕಾಗೆ ಅಂದರೆ ಸಾವು, ಹೀಗೆ. ಓದುವವರು ಅದನ್ನು ಒಂದು ಮೈಲಿ ದೂರದಿಂದಲೇ ಗುರುತಿಸಿ ಪುಟ ತಿರುಗಿಸುತ್ತಾರೆ. ಈಗ ನಾನು ಮಾಡುವುದು ಇಷ್ಟು. ವಸ್ತು ಮೊದಲ ಸಲ ಬಂದಾಗ ಅದಕ್ಕೆ ಬರೀ ಉಪಯೋಗ ಇರಬೇಕು. ಎರಡನೇ ಸಲ ಅದು ತಪ್ಪು ಕೈಗೆ ಹೋಗಬೇಕು, ಇಲ್ಲವೇ ಮುರಿಯಬೇಕು. ಮೂರನೇ ಸಲ ಬಂದಾಗ ನೀವು ಏನೂ ವಿವರಿಸಬಾರದು.

ಎಕ್ಕದ ಗಿಡ ತೆಗೆದುಕೊಳ್ಳಿ. ಪಾಳುಬಿದ್ದ ಕಡೆ ಬೆಳೆಯುತ್ತದೆ, ದನ ಬಾಯಿ ಹಾಕೋದಿಲ್ಲ, ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುವ ಭಯ. ಅದೇ ಎಕ್ಕದ ಹೂವು ಹನುಮಂತನ ಕೊರಳಿಗೆ ಹಾರ. ಇನ್ನೊಂದು ಸಂಪ್ರದಾಯವೂ ಇದೆ. ಮೂರನೇ ಮದುವೆ ಕೆಡುಕು ಅಂತ ನಂಬಿ, ಗಂಡು ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ, ಆಮೇಲೆ ಹೆಣ್ಣನ್ನು ನಾಲ್ಕನೆಯವಳಾಗಿ ತರುತ್ತಿದ್ದ. ಕೆಡುಕೆಲ್ಲ ಗಿಡಕ್ಕೆ ಹೋಗಲಿ ಅಂತ. ನನ್ನ ಕಥೆಯಲ್ಲಿ ಜಕ್ಕಬ್ಬೆ ಮೊದಲ ಸಲ ಎಕ್ಕದ ಎಲೆ ಕಾಯಿಸಿ ಮುದುಕನ ಮೊಣಕಾಲಿಗೆ ಕಟ್ಟುತ್ತಾಳೆ. ಅಷ್ಟೇ. ಎರಡನೇ ಸಲ ಆಕೆಯ ಮನೆಯ ಹಿತ್ತಲಲ್ಲಿ ಎಕ್ಕ ಬೆಳೆದಿರುವುದನ್ನೇ ಊರವರು ಆರೋಪಕ್ಕೆ ಸಾಕ್ಷಿ ಮಾಡಿಕೊಳ್ಳುತ್ತಾರೆ. ಮೂರನೇ ಸಲ, ಇಬ್ಬರು ಹೆಂಡಂದಿರು ಸತ್ತುಹೋದ ಸಾಹುಕಾರನೊಬ್ಬ ಅದೇ ಹಿತ್ತಲಿಗೆ ಅರಿಸಿನದ ದಾರ ಹಿಡಿದು ಬರುತ್ತಾನೆ, ಗಿಡಕ್ಕೆ. ಆಕೆ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಆ ಪುಟದಲ್ಲಿ ನಾನು ಬರೆದದ್ದು ಐದು ವಾಕ್ಯ. ಓದಿದ ಗೆಳತಿ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಅಯ್ಯ, ಆ ಗಿಡ ಆಕಿನ ಅಲ್ಲೇನು?" ಅಂದಳು. ನಾನು ಎಲ್ಲೂ ಹಾಗೆ ಬರೆದಿರಲಿಲ್ಲ.

ಎರಡನೆಯದು ಕಲ್ಲು. ಲಕ್ಕುಂಡಿಯ ಗುಡಿಗಳ ಕಲ್ಲು ಬಳಪದ ಜಾತಿಯ ಮೆತ್ತನೆ ಕಲ್ಲು. ಮರದಲ್ಲಿ ಕೆತ್ತಿದಷ್ಟು ಸೂಕ್ಷ್ಮವಾಗಿ ಕೆತ್ತಲು ಬಂದದ್ದು ಅದಕ್ಕೇ. ಉಳಿಯ ಸದ್ದು, ಕಲ್ಲಿನ ಹುಡಿ, ಕೆಮ್ಮುವ ಕಲ್ಲುಕುಟಿಗರು, ಅವರಿಗೆ ಔಷಧಿ ತರುವ ಜಕ್ಕಬ್ಬೆ. ನೋಡಿ, ಆಕೆ ಗುಡಿಯ ಹತ್ತಿರ ಸುಳಿಯಲು ಕಾರಣ ತಾನಾಗಿ ಸಿಕ್ಕಿತು. ಸಂಕೇತಕ್ಕೆ ಕೆಲಸ ಕೊಟ್ಟರೆ ಅದು ಕಥೆಯ ಕೆಲಸವನ್ನೂ ಮಾಡಿಕೊಡುತ್ತದೆ.

ಬಾವಿಯ ವಿಷಯದಲ್ಲಿ ನಾನು ಎಡವಿದೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಲಕ್ಕುಂಡಿಯ ಬಗ್ಗೆ ಮಾತಿದೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ನೋಡಿದವರು ಮರೆಯೋದಿಲ್ಲ. ಇಳಿಯುವ ಮೆಟ್ಟಿಲು, ನಡುನಡುವೆ ಪುಟ್ಟ ಗುಡಿಯಂಥ ಗೂಡುಗಳು. ಮುಸುಕು ಅನ್ನುವ ಹೆಸರೇ ಪ್ರೇಮಕಥೆಗೆ ಹೇಳಿ ಮಾಡಿಸಿದ್ದು. ಆದರೆ ಆ ಗುಡಿ ನನ್ನ ಇಸವಿಗಿಂತ ಈಚಿನದು. ಕಾಶಿ ವಿಶ್ವೇಶ್ವರ ಗುಡಿಯೂ 11ನೇ ಶತಮಾನದ ಕೊನೆಯ ಭಾಗದ್ದು. ಹಾಗಾಗಿ ಜಕ್ಕಬ್ಬೆಗೆ ಹೆಸರಿಲ್ಲದ ಒಂದು ಹಳೆಯ ಬಾವಿ ಕೊಟ್ಟೆ, ಅದಕ್ಕೆ ಯಾವ ಗೂಡೂ ಇಲ್ಲ. ನೀವು ಕಥೆಯನ್ನು 1150ಕ್ಕೆ ಇಟ್ಟುಕೊಂಡರೆ ಧಾರಾಳವಾಗಿ ಮುಸುಕಿನ ಬಾವಿಗೇ ಇಳಿಯಿರಿ.

ಮೆಣಸಿನಕಾಯಿ ಬಿಡಲು ಮನಸ್ಸೇ ಇಲ್ಲ ಅನ್ನುವವರಿಗೆ ಇನ್ನೊಂದು ಕಾಲ ಇದೆ. 1861ರಿಂದ 1865. ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ಬರುವುದು ನಿಂತು ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ, ಯುದ್ಧ ಮುಗಿದದ್ದೇ ಬೆಲೆ ಕುಸಿತ. ಏಕಾಏಕಿ ಹಣ ಬಂದ ಊರಿನಲ್ಲಿ ನೆದರು, ಮಾಟದ ಮಾತು ಹೇಗೆ ಹಬ್ಬೀತು ಅಂತ ಯೋಚಿಸಿ. ಅಲ್ಲಿ ನಾಯಕಿಗೆ ಕಸೂತಿ ಕೊಡಬಹುದು. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕು ಹೊಲಿಗೆ. ಗಂಟು ಹಾಕುವ ಹಾಗಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿಯಲ್ಲಿ ಬಟ್ಟೆಯ ಒಳಗೂ ಹೊರಗೂ ಒಂದೇ ಚಿತ್ತಾರ. ಮದುಮಗಳ ಕರಿ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಒಂದೇ ಒಂದು ಗಂಟು ಸಿಕ್ಕರೆ? ಆ ಕಥೆ ಯಾರಾದರೂ ಬರೆಯಿರಿ, ನಾನು ಓದುತ್ತೇನೆ.

ಹೆಜ್ಜೆ 5: ರಕ್ಕಸನಿಗೆ ಒಂದು ಕಟ್ಟಳೆ ಇರಲಿ

ಅನುವಾದದ ಪ್ರೇಮಕಥೆಗಳ ರಕ್ಕಸ ಸಾಮಾನ್ಯವಾಗಿ ಎತ್ತರದ, ಸಿಡುಕು ಮೋರೆಯ, ಸಾವಿರ ವರ್ಷ ವಯಸ್ಸಿನ ಶ್ರೀಮಂತ. ಕೋಡು ತೆಗೆದರೆ ಧಾರಾವಾಹಿಯ ನಾಯಕ. ಅವನನ್ನು ರಕ್ಕಸ ಅನ್ನುವುದು ಯಾಕೆ ಅಂತ ನನಗೆ ತಿಳಿಯೋದಿಲ್ಲ.

ನಮ್ಮ ಗುಡಿಯ ಬಾಗಿಲ ಮೇಲೆ, ತೋರಣದ ನೆತ್ತಿಯಲ್ಲಿ, ಶಿಖರದ ಮೇಲೆ ಒಂದು ಮುಖ ಇರುತ್ತದೆ. ಗುಡ್ಡೆಗಣ್ಣು, ಕೋರೆಹಲ್ಲು. ಕೀರ್ತಿಮುಖ. ಪುರಾಣದ ಕಥೆ ಹೀಗಿದೆ. ಜಲಂಧರನ ಪರವಾಗಿ ರಾಹು ಬಂದು ಪಾರ್ವತಿಯನ್ನು ಕೊಡು ಅಂತ ಶಿವನನ್ನೇ ಕೇಳಿದ. ಶಿವನ ಸಿಟ್ಟಿನಿಂದ ಒಂದು ಭೂತ ಹುಟ್ಟಿತು, ರಾಹುವನ್ನು ತಿನ್ನಲು ಹೊರಟಿತು. ರಾಹು ಶರಣಾದ. ಈಗ ಹಸಿದ ಭೂತಕ್ಕೆ ಊಟ ಏನು? ನಿನ್ನನ್ನೇ ತಿನ್ನು ಅಂದ ಶಿವ. ಅದು ಕಾಲಿನಿಂದ ಶುರು ಮಾಡಿ ಮುಖ ಒಂದನ್ನು ಬಿಟ್ಟು ಎಲ್ಲ ತಿಂದಿತು. ಮೆಚ್ಚಿದ ಶಿವ, ನನ್ನ ಬಾಗಿಲಲ್ಲಿ ಇರು ಅಂದ.

ಹಸಿವೆಯೇ ಮೈಯಾದವನು, ಆ ಹಸಿವೆಯನ್ನು ತನ್ನ ಮೇಲೆಯೇ ತಿರುಗಿಸಿಕೊಂಡವನು, ಈಗ ಬಾಗಿಲು ಕಾಯುವವನು. ಪ್ರೇಮಕಥೆಯ ರಕ್ಕಸನಿಗೆ ಇದಕ್ಕಿಂತ ಏನು ಬೇಕು? ಹೆಚ್ಚಿನ ಕೀರ್ತಿಮುಖಗಳಿಗೆ ಕೆಳದವಡೆ ಇರೋದಿಲ್ಲ, ಅದನ್ನೂ ಗಮನಿಸಿ. ನನ್ನ ರಕ್ಕಸನ ಕಟ್ಟಳೆ ಅಲ್ಲಿಂದ ಬಂತು. ಅವನು ಮನುಷ್ಯರ ರೂಪ ತಾಳಬಹುದು, ಆದರೆ ತಾನಾಗಿ ಮಾತು ಶುರು ಮಾಡುವ ಹಾಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬಹುದು ಅಷ್ಟೇ. ಇದರಿಂದ ಪ್ರತಿ ಸಂಭಾಷಣೆಯೂ ಜಕ್ಕಬ್ಬೆಯಿಂದಲೇ ಶುರುವಾಗಬೇಕಾಯಿತು. ಕಥೆಯ ಹದವೇ ಬದಲಾಯಿತು.

ಬೇರೆ ದಾರಿಗಳೂ ಇವೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದರೆ ಮೈಲಾರನ ಗೊರವರು ಸಿಗುತ್ತಾರೆ. ಕರಿ ಕಂಬಳಿ, ಕರಡಿ ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಜಾತ್ರೆಯೇ ಮೌನ, ಆಮೇಲೆ ಒಂದೇ ಸಾಲಿನ ಕಾರಣಿಕ. ಮೈಲಾರ ಕೊಂದದ್ದು ಮಣಿ, ಮಲ್ಲ ಅನ್ನುವ ದೈತ್ಯರನ್ನು. ಆದರೆ ದೇವರ ಇನ್ನೊಂದು ಹೆಸರು ಮಲ್ಲಾರಿ, ಅಂದರೆ ಮಲ್ಲನ ಶತ್ರು. ಸತ್ತವನ ಹೆಸರನ್ನು ಕೊಂದವನು ಹೊತ್ತು ತಿರುಗುತ್ತಾನೆ. ವೈರಿಗಳು ಪ್ರೇಮಿಗಳಾಗುವ ಕಥೆ ಬರೆಯುವವರು ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಇನ್ನು ಜೋಕುಮಾರ. ರಕ್ಕಸನಲ್ಲ, ದೇವರು, ಆದರೆ ಊರ ಹೆಣ್ಣುಮಕ್ಕಳ ಮೇಲೆ ಕಣ್ಣು ಹಾಕಿದ ಪೋಲಿ ದೇವರು. ಭಾದ್ರಪದದಲ್ಲಿ ಹುಟ್ಟಿ ಏಳು ದಿನ ಬದುಕಿ, ಹುಣ್ಣಿಮೆಗೆ ಅಗಸರ ಕೈಯಲ್ಲಿ ಸಾಯುತ್ತಾನೆ. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಅವನ ಮಣ್ಣಿನ ಮೂರ್ತಿ ಹೊತ್ತು ಮನೆ ಮನೆಗೆ ಬರುವ ಹೆಂಗಸರು ಹಾಡುತ್ತಾರೆ, ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಏಳು ದಿನದ ಗಡುವು, ಸಾವು ಖಾತ್ರಿ, ಆ ಸಾವಿನಿಂದ ಮಳೆ ಬೆಳೆ. ಅಮರ ರಕ್ಕಸನಿಗಿಂತ ವಾರದಲ್ಲಿ ಸಾಯುವವನ ಪ್ರೀತಿ ಬರೆಯೋದು ಹೆಚ್ಚು ಕಷ್ಟ, ಹೆಚ್ಚು ಮಜಾ.

ಹೆಜ್ಜೆ 6: ಮದ್ದು ಹಾಕಿ ಒಲಿಸಬೇಡಿ

ರಕ್ಕಸ ಹುಡುಗಿಯನ್ನು ಮಾಯೆಯಿಂದ ಕಟ್ಟಿಹಾಕುತ್ತಾನೆ, ಮೈಮೇಲೆ ಗುರುತು ಮೂಡುತ್ತದೆ, ಇಬ್ಬರೂ ಬೇರೆಯಾಗುವ ಹಾಗಿ‌ಲ್ಲ. ಇದನ್ನು ಪ್ರೇಮ ಅಂತ ಓದಿ ಓದಿ ನಮಗೆ ಅಭ್ಯಾಸ ಆಗಿದೆ. ನಮ್ಮ ಕಡೆ ಯಾರಾದರೂ "ಮದ್ದು ಹಾಕಿ ಒಲಿಸ್ಕೊಂಡಾನ" ಅಂದರೆ ಅದು ಬೈಗುಳ. ನಾನು ಆ ಬೈಗುಳದ ಪಕ್ಷ.

ಮೋಸದ ಮದುವೆಗೆ ನಮ್ಮ ಹಳ್ಳಿಗಳಲ್ಲಿ ಒಂದು ಭಯಂಕರ ಕಥೆಯೇ ಇದೆ. ತನ್ನ ಗುರುತು ಮುಚ್ಚಿಟ್ಟು ಮದುವೆಯಾದ ಗಂಡನ ನಿಜ ತಿಳಿದಾಗ ಸಿಟ್ಟಿಗೆದ್ದ ಹೆಂಡತಿ ಗ್ರಾಮದೇವತೆಯಾಗುತ್ತಾಳೆ, ಗಂಡ ಕೋಣನಾಗುತ್ತಾನೆ. ದ್ಯಾಮವ್ವನ ಜಾತ್ರೆಯ ಕೋಣದ ಹಿಂದೆ ಈ ಕಥೆ ಹೇಳುತ್ತಾರೆ. ಅದರೊಳಗೆ ಜಾತಿಯ ವಿಷ ಇದೆ. ಕೆಳಜಾತಿಯವನು ಅನ್ನುವುದೇ ಅಲ್ಲಿ ಗಂಡನ ಅಪರಾಧ. ಕಥೆಯ ಬಿಸಿ ಚೆನ್ನಾಗಿದೆ ಅಂತ ಹಾಗೇ ಎತ್ತಿ ತಂದರೆ ಆ ವಿಷವೂ ಜೊತೆಗೆ ಬರುತ್ತದೆ. ನೀವು ಗಂಡನ ಕಡೆಯಿಂದ ಹೇಳಿ ನೋಡಿ, ಆಗ ಕೋಣ ಯಾರು ಅನ್ನುವುದೇ ಬದಲಾಗುತ್ತದೆ.

ಪ್ರಾಯೋಗಿಕವಾಗಿ ಹೇಳುವುದಾದರೆ, ನಾಯಕಿ ಮೂರು ಕಡೆ ಬೇಡ ಅನ್ನಬೇಕು, ಬೇಡ ಅಂದ ಮೇಲೂ ಕಥೆ ನಡೆಯಬೇಕು. ಮತ್ತೆ, ಇಬ್ಬರ ಹತ್ತಿರವೂ ಇನ್ನೊಬ್ಬರಿಗೆ ಬೇಕಾದದ್ದು ಏನಾದರೂ ಇರಬೇಕು. ನನ್ನಲ್ಲಿ ಅದು ಹೆಸರು.

"ನಿನ್ನ ಹೆಸರೇನು?"

"ಇಟ್ಟವರಿಲ್ಲ."

"ನನಗೆ ಇಟ್ಟವರೇ ತುಂಬ ಮಂದಿ."

ಮೂರನೇ ಸಾಲಿನಲ್ಲಿ ಮೊದಲು "ಜಾಸ್ತಿ ಮಂದಿ" ಅಂತ ಬರೆದಿದ್ದೆ. ಜಾಸ್ತಿ ಕೂಡ ಅರಬ್ಬಿ ಮೂಲದ್ದು ಅಂತ ಆಮೇಲೆ ಹೊಳೆಯಿತು. ಸೋಸುವ ಬಟ್ಟೆ ನಮಗೇ ಮೊದಲು ಹಾಕಿಕೊಳ್ಳಬೇಕು.

ಹೆಜ್ಜೆ 7: ವಾಸನೆ

ಬಣ್ಣದ ಸಂಕೇತ ಎಲ್ಲರೂ ಮಾಡುತ್ತಾರೆ. ವಾಸನೆ ಬಿಟ್ಟುಹೋಗುತ್ತದೆ. ಎರಿ ಹೊಲಕ್ಕೆ ಮೊದಲ ಮಳೆ ಬಿದ್ದ ವಾಸನೆ, ಸುಟ್ಟ ಬೇವಿನ ಸೊಪ್ಪಿನದು, ಕಂಬಳಿ ಒದ್ದೆಯಾದದ್ದು, ಕುಸುಬೆ ಎಣ್ಣೆಯ ದೀಪದ್ದು. ರಕ್ಕಸ ಬರುವ ಮೊದಲು ಕಲ್ಲಿನ ಹುಡಿಯ ವಾಸನೆ ಬರುತ್ತದೆ ಅಂತ ಎರಡು ಸಲ ಬರೆದರೆ ಸಾಕು, ಮೂರನೇ ಸಲ ಓದುವವರೇ ಹಿಂದೆ ತಿರುಗಿ ನೋಡುತ್ತಾರೆ.

ಹೆಜ್ಜೆ 8: ಕಿತ್ತು ನೋಡಿ

ಕರಡು ಮುಗಿದ ಮೇಲೆ ಪ್ರತಿ ಸಂಕೇತವನ್ನೂ ಒಂದೊಂದಾಗಿ ಕಥೆಯಿಂದ ಕಿತ್ತು ನೋಡಿ. ಎಕ್ಕ ತೆಗೆದರೆ ನನ್ನ ಆರೋಪದ ದೃಶ್ಯವೇ ಬೀಳುತ್ತದೆ, ಹಾಗಾಗಿ ಇರಲಿ. ಕಾಗೆ ತೆಗೆದರೆ ಏನೂ ಆಗಲಿಲ್ಲ, ತೆಗೆದೆ. ಕೆಂಪು ಚಂದ್ರ ತೆಗೆದೆ. ಸೀಳಿದ ಲಿಂಬೆಹಣ್ಣು ತೆಗೆಯಲು ಹೊಟ್ಟೆ ಉರಿಯಿತು, ಆದರೂ ತೆಗೆದೆ. ನೂರ ಹತ್ತು ಪುಟದ ಕಥೆಗೆ ನನ್ನಲ್ಲಿ ಉಳಿದದ್ದು ನಾಲ್ಕೇ: ಎಕ್ಕ, ಬಾಗಿಲ ಮೇಲಿನ ಮುಖ, ಬಾವಿ, ಹೆಸರು. ಅದೂ ಒಂದು ಜಾಸ್ತಿ ಅಂತ ಈಗಲೂ ಅನುಮಾನ ಇದೆ.

ಆಮೇಲೆ ಇಂಥ ಪುಸ್ತಕ ಓದುವ ಚಟ ಇಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರ ಮುಖ ನೋಡಿ. ಎಲ್ಲಿ ಕಣ್ಣು ಬೇರೆ ಕಡೆ ಹೋಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆಯಿ ಈ ಸಲ ಅಡಕೆ ಕತ್ತರಿಸುವುದನ್ನು ಎರಡು ಕಡೆ ನಿಲ್ಲಿಸಿದಳು. ಒಂದು ಕಡೆ, "ಅಂವಾ ಯಾಕ ಮಾತಾಡವಲ್ಲ?" ಅಂದಳು. ಅಷ್ಟು ಸಿಕ್ಕರೆ ಸಾಕಲ್ವಾ.

ಹೆಜ್ಜೆ 9: ಬದುಕಿರುವವರ ನೆನಪು ಇಟ್ಟುಕೊಳ್ಳಿ

ಇದು ಹಳೆಗಾಲದ ಕಥೆ ಮಾತ್ರ ಅಲ್ಲ. ಮಾಟದ ಆರೋಪ ಹೊತ್ತು ಇವತ್ತೂ ಹೆಂಗಸರು ಏಟು ತಿನ್ನುತ್ತಾರೆ. ಅದಕ್ಕೇ ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಬಂತು, 2020ರಲ್ಲಿ ಜಾರಿಯಾಯಿತು. ನಿಮ್ಮ ಕಥೆಯ ಮಾಯೆ ಕಥೆಯೊಳಗೆ ನಿಜವಾಗಿರಲಿ, ತೊಂದರೆ ಇಲ್ಲ. ಆದರೆ ಈಗಿನ ಯಾವುದೋ ಸಮುದಾಯವನ್ನು, ಬೀದಿಯನ್ನು, ಕಸುಬನ್ನು ಮಾಟದವರು ಅಂತ ತೋರಿಸಬೇಡಿ. ಮದ್ದಿನ ಪಾಕವನ್ನು ಮಾಡಿ ನೋಡುವ ಹಾಗೆ ಬರೆಯಬೇಡಿ. ಎಕ್ಕದ ಹಾಲಿನ ವಿಷಯದಲ್ಲಿ ನಾನು ಬೇಕಂತಲೇ ಅಳತೆ ಬರೆದಿಲ್ಲ.

ಹೊರಡುವ ಮೊದಲು

ಲಕ್ಕುಂಡಿಗೆ ಒಮ್ಮೆ ಹೋಗಿ ಬನ್ನಿ. ಗದಗಿನಿಂದ ಸುಮಾರು ಹನ್ನೆರಡು ಕಿಲೋಮೀಟರ್, ಬಸ್ಸು ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಓರೆಯಾಗಿ ಬಿದ್ದಾಗಲೇ ಕೆತ್ತನೆ ಎದ್ದು ಕಾಣುವುದು. ಫೋಟೋ ಆಮೇಲೆ ತೆಗೆದರಾಯಿತು. ಮೊದಲು ಹತ್ತು ನಿಮಿಷ ಸುಮ್ನೆ ಕೂತು ಏನೇನು ಕೇಳಿಸುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಎದ್ದು ಮುಖಗಳನ್ನು ಹುಡುಕಿ, ಯಾವುದಕ್ಕೆ ದವಡೆ ಇದೆ, ಯಾವುದಕ್ಕೆ ಇಲ್ಲ ಅಂತ ಎಣಿಸಿ. ಕತ್ತೆತ್ತಿ ನೋಡುತ್ತಾ ಒಳಗೆ ಕಾಲಿಡುವಾಗ ಮಾತ್ರ ಹೊಸ್ತಿಲ ಕಡೆ ಗಮನ ಇರಲಿ. ನಾನು ಎಡವಿ ಹೆಬ್ಬೆರಳಿನ ಉಗುರು ಕಳೆದುಕೊಂಡೆ, ಹೊಸದು ಪೂರ್ತಿ ಬರಲು ಒಂದು ವರ್ಷದ ಮೇಲೇ ಹಿಡಿಯಿತು.